ಗುರುವಾರದ ಮಾತು

ಶುಕ್ರವಾರ, ಮಧ್ಯಾಹ್ನ

ಅಕ್ಕಾ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ, ತಪ್ಪು ತಿಳ್ಕೋಬೇಡ ಅಂತ ಶುರು ಮಾಡೋಣ ಅಂದ್ಕೊಂಡೆ. ಬೇಡ, ತಿಳ್ಕೋ. ಸಿಟ್ಟಿಗೇ ಬರೀಲಿಲ್ಲ. ಮಿಷನ್ ಮುಂದೆ ಕೂತ್ರೆ ನಿನ್ನ ನೆನಪಾಗಿ ಮೈ ಉರೀತಿತ್ತು. ಮೊನ್ನೆ ಯಾರದೋ ಅಂಗಿಗೆ ತೋಳು ಉಲ್ಟಾ ಹೊಲ್ದುಬಿಟ್ಟೆ.

ಮಗಳು ಈಗ ಮಾತ್ರೆ ತಪ್ಪಿಸ್ತಿಲ್ಲ. ಗುರುವಾರ ಗುರುವಾರ ಕೌನ್ಸೆಲರ್ ಹತ್ರ ಮತ್ತೆ ಹೋಗ್ತಿದ್ದಾಳೆ. ಹೌದು, ನೀನು ಬಿಡಿಸಿದ್ಯಲ್ಲ, ಅದೇ ಗುರುವಾರ.

"ಮಾತ್ರೆ ನುಂಗ್ತಾಳಲ್ಲ, ಸಾಕು. ಮಾತಾಡೋಕೆ ಹೊರಗಿನವರು ಯಾಕೆ, ಮನೇಲಿ ನಾವೇನು ಮೂಕರಾ?" ಅಂತ ನಮ್ಮನೆಗೆ ಬಂದವಳೇ ನೀನು ಅಂದೆ. ನಮ್ಮನೆಯವರೂ ತಲೆಯಾಡಿಸಿದ್ರು. ಅಷ್ಟು ವರ್ಷ ಶಾಲೆ ಆಳಿದ ಹೆಡ್ ಮೇಡಂ ಹೇಳಿದ ಮೇಲೆ ಮುಗೀತಲ್ಲ! ದಿನಾ ಊಟ ಆದ ಮೇಲೆ ನೀನು ಅವಳನ್ನ ಎದುರಿಗೆ ಕೂರಿಸ್ಕೊಂಡೆ. "ಹೇಳಮ್ಮಾ, ನಿಂಗೇನು ಕಮ್ಮಿಯಾಗಿದೆ?" ಅವಳು ಬಾಯಿ ತೆರೆಯೋ ಮುಂಚೆ ನಿನ್ನ ಕಾಲದ ಕಷ್ಟ ಶುರು. "ದೊಡ್ಡಮ್ಮ ಮಾತಾಡಿಸಲ್ಲಮ್ಮಾ, ಪಾಠ ಒಪ್ಪಿಸ್ಕೋತಾರೆ" ಅಂದ್ಲು. ನಾನು ನಕ್ಕೆ.

ಆಮೇಲೆ ನೀನು ತಮ್ಮನಿಗೆ ಫೋನಲ್ಲಿ, "ಕಾಯಿಲೆನೂ ಇಲ್ಲ, ಕಸಾಲೆನೂ ಇಲ್ಲ, ಬರೀ ಸೋಮಾರಿತನ" ಅಂದಿದ್ದು ಅವಳ ಕಿವಿಗೆ ಬಿತ್ತು. ಒಂದು ವಾರ ನಿದ್ದೇನೇ ಇಲ್ಲದೆ ಕುಣಿದಾಡಿ, ಮುಂದಿನ ವಾರ ಹಾಸಿಗೆ ಬಿಟ್ಟು ಏಳಲಾರದ ಹುಡುಗೀಗೆ ಸೋಮಾರಿತನವಂತೆ! ಅವತ್ತಿಂದ ಮಾತು ನಿಂತ್ಹೋಯ್ತು. "ಸೋಮಾರಿತನಕ್ಕೆ ಮಾತ್ರೆ ಯಾಕೆ?" ಅಂತ ಅದನ್ನೂ ಬಿಟ್ಲು. ನೀನು ಚೀಲ ಕಟ್ಕೊಂಡು ಊರಿಗೆ ಹೊರಟೆ. ಕಾಯಿಲೆ ಮರುಕಳಿಸಿದಾಗ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದವಳು ನಾನು.

ಡಾಕ್ಟರು ಬೈಲಿಲ್ಲ. "ಮಾತ್ರೆ ಅವಳನ್ನ ಎಬ್ಬಿಸಿ ಕೂರಿಸುತ್ತೆ. ಆಮೇಲೆ ಆ ಮನಸ್ಸಿನ ಜೊತೆ ಹೇಗೆ ಏಗೋದು ಅಂತ ಕಲಿಯೋದು ಮಾತಾಡ್ತಾ ಮಾತಾಡ್ತಾನೇ. ಅವಳಿಗೆ ಎರಡೂ ಬೇಕು" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ನಿನ್ನೆ ಕೌನ್ಸೆಲರ್ ನನ್ನನ್ನೂ ಒಳಗೆ ಕರೆದ್ರು. ಅಮ್ಮನೂ ಇರ್ಲಿ ಅಂತ ಇವಳೇ ಕೇಳಿದ್ಲಂತೆ. ಇವಳು ಮಾತಾಡಿದ್ದೇ ಮಾತಾಡಿದ್ದು. ಆ ಹೆಂಗಸು ಒಂದು ಸಲಾನೂ "ನಮ್ಮ ಕಾಲದಲ್ಲಿ" ಅನ್ನಲಿಲ್ಲ. ಸುಮ್ನೆ ಕೂತು ಕೇಳೋದೂ ಒಂದು ವಿದ್ಯೆ ಕಣೇ ಅಕ್ಕಾ. ನಮ್ಮನೇಲಿ ಒಬ್ರಿಗೂ ಬರಲ್ಲ.

ಮುಂದಿನ ತಿಂಗಳು ಬರ್ತೀನಿ ಅಂತ ಬರೆದಿದ್ದೀಯ. ಬರಬೇಡ. ನಾನಾಗಿ ಕರೆಯೋವರೆಗೂ ಬೇಡ. ಎತ್ತಿ ಸಾಕಿದ ಅಕ್ಕನಿಗೆ ಹೀಗೆ ಬರೀಬಾರ್ದು, ಆದ್ರೂ ಬರೀತಿದ್ದೀನಿ. ಮಂಡಿ ನೋವಿಗೆ ಎಣ್ಣೆ ತಿಕ್ಕೋದು ಬಿಡಬೇಡ. ಮಗೂಗೆ ಅಲ್ಲಿಂದಲೇ ಆಶೀರ್ವಾದ ಮಾಡು, ಅದು ಬೇಕೇ ಬೇಕು.

ನಿನ್ನ ತಂಗಿ

ತಾ.ಕ.: ನಿನ್ನೆ ಅವಳು ಹೇಳಿದ್ದನ್ನ ಬರೀಬಾರ್ದು ಅಂದ್ಕೊಂಡಿದ್ದೆ. ಈ ಕಾಯಿಲೆಗೆ ಹೆಸರು ಗೊತ್ತಾಗೋಕೂ ಮುಂಚೆ, ನೀನು ಇಲ್ಲಿಗೆ ಬಂದಿದ್ದಾಗ, ನಿನ್ನ ತೊಡೆ ಮೇಲೆ ತಲೆಯಿಟ್ಟು, "ದೊಡ್ಡಮ್ಮಾ, ನಂಗೆ ಬದುಕೋದೇ ಬೇಡ ಅನ್ಸುತ್ತೆ" ಅಂದಿದ್ಲಂತೆ. ನೀನು ತಲೆ ಸವರಿ, "ಅಮ್ಮನಿಗೆ ಹೇಳ್ಬೇಡ, ಅವಳು ತಡ್ಕೊಳ್ಳಲ್ಲ" ಅಂದ್ಯಂತೆ. ನಿನ್ನ ಮಾತು ಮೀರದೆ, ಒಂದು ವರ್ಷ ನನ್ನೆದುರು ನಗ್ತಾ ಓಡಾಡಿದ್ಲು. ಅವತ್ತು ನಾನು ಪಕ್ಕದ ಕೋಣೇಲೇ ಹೊಲೀತಾ ಕೂತಿದ್ದೆ ಅಕ್ಕಾ. ತಡ್ಕೊಳ್ಳಲ್ಲ ಅಂತ ನಿಂಗೆ ಯಾರು ಹೇಳಿದ್ದು?