ಸಿಂಹದ ಹಿಂಗಾಲು

29 ಜನವರಿ 2006, ಭಾನುವಾರ. ಮ್ಯಾಂಚೆಸ್ಟರ್.

ಗಂಟಲಲ್ಲಿ ಒಂದು ಗರ್ಜನೆ ಮಧ್ಯಾಹ್ನದಿಂದ ಸಿಕ್ಕಿಕೊಂಡಿದೆ. ಇನ್ನೂ ಇಳಿದಿಲ್ಲ.

ಕಂಪನಿ ನಾಟಕದಲ್ಲಿ ರಾಕ್ಷಸನಾಗಿ, ಮೈಕಿಲ್ಲದೆ ಕೊನೇ ಬೆಂಚನ್ನೂ ನಡುಗಿಸಿದವನು ನಾನು! ಇವತ್ತು ಚೀನೀ ಹೊಸ ವರ್ಷದ ಸಿಂಹನೃತ್ಯದಲ್ಲಿ ನನಗೆ ಸಿಕ್ಕ ಪಾತ್ರವೋ, ಸಿಂಹದ ಹಿಂಭಾಗ. ನನ್ನ ಆಫೀಸಿನ ಕಿಟ್ ಲಾವ್ ಸಿಂಹದ ತಲೆ. ಅವನ ಹಿಂದೆ ಕುಣಿಯುವ ಜೊತೆಗಾರನ ಮಂಡಿ ಉಳುಕಿದ್ದಕ್ಕೆ ನಾನು ಬಾಲ. ಅಭ್ಯಾಸದಲ್ಲಿ ಗರ್ಜಿಸಿ ಗರ್ಜಿಸಿ ಅವನಿಂದ ಬೈಸಿಕೊಂಡಿದ್ದೆ. "ನಮ್ಮ ಸಿಂಹ ಗರ್ಜಿಸಲ್ಲ, ಡೋಲೇ ಅದರ ದನಿ. ಇನ್ನೊಂದು ಸಲ ಕೂಗಿದ್ರೆ ಬೇರೆಯವರನ್ನ ಹಾಕ್ಕೊಳ್ತೀನಿ!"

ಹೊರಡುವಾಗ ಭಾಗೀರಥಿಯೂ ಬಿಡಲಿಲ್ಲ. "ರೀ, ನಿಮ್ಮ ಬಾಯಿ ಮುಚ್ಚಿಸೋಕೆ ಚೀನಾದಿಂದ ಸಿಂಹ ಬರಬೇಕಾಯ್ತು ನೋಡಿ!"

ಚೈನಾಟೌನ್ ತುಂಬ ಜನವೋ ಜನ. ಹೋಟೆಲಿನ ಬಾಗಿಲ ಮೇಲೆ ಲೆಟಿಸ್ ಸೊಪ್ಪು ತೂಗುಬಿಟ್ಟಿದ್ದರು. ಸಿಂಹ ಅದನ್ನು ಕಿತ್ತು ಉಗಿದರೆ ಅಂಗಡಿಗೆ ವರ್ಷವಿಡೀ ಒಳ್ಳೆಯದಂತೆ. ಡೋಲು ಏರಿತು. ಕಿಟ್ ಛಂಗನೆ ನನ್ನ ತೊಡೆ ಹತ್ತಿ ನಿಂತ. ಆಹಾ, ಎಂಥಾ ಗಳಿಗೆ! ಹೊಟ್ಟೆಯಿಂದ ಗರ್ಜನೆ ಹೊರಟೇಬಿಟ್ಟಿತು. ಹಲ್ಲು ಕಚ್ಚಿ ತಡೆದೆ. ಉಸಿರೆಲ್ಲ ಸೊಂಟಕ್ಕಿಳಿದು ತೊಡೆ ಕಲ್ಲಾಯಿತು. ಕಿಟ್ ಒಂಚೂರೂ ಅಲುಗಲಿಲ್ಲ. ಸೊಪ್ಪು ಕಿತ್ತು ಜನರ ಮೇಲೆ ಚೆಲ್ಲಿದ. ನಾನು ಕೂಗಬೇಕಾಗಿದ್ದನ್ನು ಬೀದಿಗೆ ಬೀದಿಯೇ ಕೂಗಿತು!

ಬಟ್ಟೆಯೊಳಗೆ ಬಗ್ಗಿದ್ದ ನನಗೆ ಒಂದು ಮುಖವೂ ಕಾಣಲಿಲ್ಲ. ಕಂಡದ್ದು ಬರೀ ಬೂಟುಗಳು. ಅಜ್ಜಿಯರವು, ಪೊಲೀಸರವು, ಪುಟಾಣಿಗಳವು. ಎಲ್ಲವೂ ಕುಣಿಯುತ್ತಿದ್ದವು.

"ಮುಂದಿನ ವರ್ಷ ತಲೆ ಆಗ್ತೀಯಾ?" ಅಂತ ಕಿಟ್ ಕೇಳಿದ.

ಬೇಡಪ್ಪಾ, ಬಾಲವೇ ಇರಲಿ ಎಂದುಬಿಟ್ಟೆ. ಆ ಬೂಟುಗಳು ಕಾಣುವುದು ಅಲ್ಲಿಂದ ಮಾತ್ರ. ಆದರೆ ಈ ಸೊಂಟ...