ಪರ್ವೀನ್ ಆಂಟಿಯ ಮನೆಗೆ ಬರುವವರು

ಪಾಮರ್ಸ್ಟನ್ ನಾರ್ತ್
18 ಆಗಸ್ಟ್ 2003

ಮುದ್ದಿನ ವಿಜಯಶ್ರೀ,

ನಿನ್ನ ಎರಡು ಪತ್ರ ಬಂದರೂ ಒಂದಕ್ಕೂ ಉತ್ತರ ಬರೆದಿಲ್ಲ, ಬೈಯಬೇಡ ಕಣೇ. ಮದುವೆಯಾದವಳಿಗೆ ಗೆಳತಿ ಎಲ್ಲಿ ನೆನಪಿರುತ್ತಾಳೆ ಎಂದು ನಿಮ್ಮಮ್ಮ ಅಂದಿರುತ್ತಾರೆ. ನಿಜವೇ! ಮುಖ್ತಾರ್ ಅಷ್ಟು ಒಳ್ಳೆಯವರು. ಇಲ್ಲಿನ ಆಗಸ್ಟ್ ಚಳಿಯಲ್ಲಿ ಯೂನಿವರ್ಸಿಟಿಯಿಂದ ಸೈಕಲ್‌ನಲ್ಲಿ ನಡುಗುತ್ತ ಬಂದು, ಕೈಗವಸು ಬಿಚ್ಚುವ ಮೊದಲೇ, ಇವತ್ತು ಆಂಟಿ ಏನು ಹೇಳಿದರು ಎಂದು ಕೇಳುತ್ತಾರೆ. ನನ್ನ ಹರಟೆಯನ್ನು ಇಷ್ಟು ಆಸೆಯಿಂದ ಕೇಳುವ ಗಂಡ ಯಾರಿಗಿದ್ದಾನೆ?

ಆಂಟಿ ಎಂದರೆ ಪಕ್ಕದ ಮನೆಯ ಪರ್ವೀನ್ ಆಂಟಿ, ಇರಾನಿನವರು. ಈ ಊರಿನಲ್ಲಿ ನನ್ನವರು ಅಂತ ಇರುವುದು ಅವರೊಬ್ಬರೇ. ಅವರ ಅಪ್ಪ ತೆಹರಾನಿನಲ್ಲಿ ತೈಲ ಕಂಪನಿಯ ಗುಮಾಸ್ತರು. ತೈಲ ನಮ್ಮ ದೇಶದ್ದು ಎಂದು ಅಲ್ಲಿನ ಸರ್ಕಾರ ಅದನ್ನು ಬ್ರಿಟಿಷರಿಂದ ಬಿಡಿಸಿಕೊಂಡಿತಂತೆ. ಎರಡೇ ವರ್ಷಕ್ಕೆ ಅಮೆರಿಕ, ಬ್ರಿಟನ್ನಿನ ಗೂಢಚಾರರು ದುಡ್ಡು ಹಂಚಿ, ಗೂಂಡಾಗಳನ್ನು ಬೀದಿಗಿಳಿಸಿ, ಆ ಸರ್ಕಾರವನ್ನೇ ಉರುಳಿಸಿದರಂತೆ. ನಮ್ಮ ಕಾನ್ವೆಂಟಿನ ಹಿಸ್ಟರಿಯಲ್ಲಿ ಇದೆಲ್ಲಿತ್ತು ಹೇಳು?

ಆ ಸರ್ಕಾರದ ಪರವಾಗಿದ್ದ ಅಪ್ಪನನ್ನು ಅಂದೇ ಎಳೆದೊಯ್ದಾಗ, ಇನ್ನೂ ಪುಟ್ಟ ಹುಡುಗಿಯಾಗಿದ್ದ ಆಂಟಿ ಮಹಡಿಯ ಮೇಲಿದ್ದರು. ಅದನ್ನು ಹೇಳುತ್ತ ಇಂಗ್ಲಿಷ್ ಮರೆತು, ‘ತಮಾಶಾ ಮೀಕರ್ದಮ್’ ಎಂದರು. ನಾನು ಪೆದ್ದಿ, ತಮಾಷೆ ಮಾಡುತ್ತಿದ್ದರು ಎಂದುಕೊಂಡು ನಕ್ಕುಬಿಟ್ಟೆ. ಅವರ ಭಾಷೆಯಲ್ಲಿ ಅದಕ್ಕೆ ‘ನೋಡುತ್ತಿದ್ದೆ’ ಎಂದಷ್ಟೇ ಅರ್ಥ. ಅದನ್ನು ಹೇಳಿ ಆಂಟಿ ಎದ್ದು ಒಳಗೆ ಹೋದರು. ಆಮೇಲೆ ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ. ನನಗೆ ಊಟ ಸೇರದು, ಕೂತಲ್ಲಿ ಕೂರಲಾಗದು. ಕೊನೆಗೆ ಅವರೇ ಬಂದು ಕೆನ್ನೆ ಹಿಂಡಿ, ‘ಆ ಮಾತಿಗೆ ನಕ್ಕವಳು ನೀನೊಬ್ಬಳೇ, ಹುಡುಗಿ’ ಎಂದರು.

ನಾಳೆಗೆ ಆ ಸರ್ಕಾರ ಉರುಳಿ ಐವತ್ತು ವರ್ಷ. ಅಪ್ಪರ್ ಹಟ್ ಎಂಬ ಊರಿನಿಂದ, ಇನ್ನೆಲ್ಲಿಂದಲೋ ಅವರ ಹಳೆಯ ಜನ ಆಂಟಿಯ ಮನೆಯಲ್ಲಿ ಸೇರುತ್ತಾರೆ. ನೀನೂ ಮನೆಯವಳೇ, ಬಾ ಎಂದು ನನ್ನನ್ನೂ ಕರೆದಿದ್ದಾರೆ. ಹೋಗಲೋ ಬೇಡವೋ, ಬೆಳಗಿನಿಂದ ಅದೇ ತಳಮಳ.

ನಿನ್ನ ಬಿ.ಎಡ್. ಪರೀಕ್ಷೆ ಸಲೀಸಾಗಿ ಮುಗಿಯಲಿ. ನಿಮ್ಮಮ್ಮನಿಗೆ ಸಲಾಮು. ನೀನು ಸದಾ ನಗುತ್ತಿರು.

ಎಂದೆಂದೂ ನಿನ್ನ
ಸಾದಿಯಾ

ತಾ.ಕ.: ಇದನ್ನು ಹೇಳದೆ ಲಕೋಟೆ ಅಂಟಿಸಲಾಗುತ್ತಿಲ್ಲ. ಕಳೆದ ವಾರ ಮುಖ್ತಾರ್ ಒಬ್ಬರನ್ನು ಮನೆಗೆ ಕರೆತಂದಿದ್ದರು. ಜೊತೆಗೆ ಕೆಲಸ ಮಾಡುವವರೆಂದು ಸಮೋಸ ಕರಿದೆ. ಅವರು ಇಲ್ಲಿನ ಸರ್ಕಾರದ ಕಡೆಯವರಂತೆ, ಆಂಟಿಯ ಮನೆಗೆ ಯಾರ್‍ಯಾರು ಬರುತ್ತಾರೆಂದು ಕೇಳಲು ಬಂದವರಂತೆ. ನಿನ್ನೆ ತಿಳಿಯಿತು. ಮುಖ್ತಾರ್ ಜೊತೆ ಜಗಳವಾಡಿದೆ. ‘ಇಲ್ಲೇ ನೆಲೆಸೋಕೆ ರೆಸಿಡೆನ್ಸಿಗೆ ಅರ್ಜಿ ಹಾಕಿದೀವಿ, ಸಾದಿಯಾ. ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?’ ಎಂದರು. ಅಂದು ಬಂದವರಿಗೆ ಆ ಇರಾನಿ ಹೆಸರುಗಳನ್ನು ಹೇಳುವಾಗ ಮುಖ್ತಾರ್ ತಡವರಿಸಿದರು ಕಣೇ. ಅದೂ ಹರಟೆಯೆಂದುಕೊಂಡು ಅಡುಗೆಮನೆಯಿಂದ ಓಡಿ ಬಂದು, ಒಂದೊಂದನ್ನೂ ಸರಿಯಾಗಿ ಹೇಳಿಕೊಟ್ಟವಳು ನಾನು.