ಏಳು ವರ್ಷದ ರಿಯಾಯಿತಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕ,

ಎರಡು ತಿಂಗಳಿಂದ ನಿನ್ನ ಕಾಗದಕ್ಕೆ ಉತ್ತರ ಬರೆದಿಲ್ಲ. ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ, ಜೋರಾಗಿಯೇ ಬೈದುಬಿಡು. ಆದರೆ ಮೊದಲು ಸುದ್ದಿ ಕೇಳು. ನಮ್ಮ ಪುರಸಭೆ ಗೆದ್ದಿತು. ಮುಚ್ಚಿಹೋಗಿದ್ದ ನೂಲಿನ ಗಿರಣಿಯ ಕಟ್ಟಡಕ್ಕೆ ದೊಡ್ಡ ಕಂಪನಿಯೊಂದು ತನ್ನ ಕಚೇರಿಯನ್ನೇ ತರುತ್ತಿದೆ. ಮುನ್ನೂರು ಕೆಲಸ. ನಿನ್ನೆ ಸಹಿ ಬಿತ್ತು. ಆ ಕಡತ ಬರೆದವಳು ತೆರಿಗೆ ವಿಭಾಗದ ಮೂಲೆ ಮೇಜಿನಲ್ಲಿ ಕೂರುವ ನಿನ್ನ ತಂಗಿ.

ಪಕ್ಕದ ಊರಿನವರು ಈ ಕಂಪನಿಗೆ ಹದಿನೈದು ವರ್ಷ ಆಸ್ತಿ ತೆರಿಗೆ ಮನ್ನಾ ಮಾಡುತ್ತೇವೆಂದು ಕೂತಿದ್ದರು. ನಮ್ಮ ಅಧ್ಯಕ್ಷರ ಎದೆ ಧಸಕ್ಕೆಂದಿತು. ಇಪ್ಪತ್ತು ವರ್ಷವೆಂದು ಬರೆಯಲು ಹೇಳಿದರು. ನನಗೆಲ್ಲಿಂದ ಧೈರ್ಯ ಬಂತೋ ಕಾಣೆ, "ಏಳಕ್ಕಿಂತ ಒಂದು ವರ್ಷಾನೂ ಜಾಸ್ತಿ ಬೇಡ ಸಾರ್. ಅವರು ಬಂದ್ಮೇಲೆ ರಸ್ತೆಗೆ, ನೀರಿಗೆ ಎಲ್ಲಿಂದ ತರೋದು?" ಅಂದುಬಿಟ್ಟೆ. ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹಾಗಾದ್ರೆ ಅವರನ್ನ ಒಪ್ಪಿಸೋದೂ ನಿಮ್ಮ ತಲೆಗೇ," ಅಂದರು.

ಕಂಪನಿಯ ವ್ಯವಸ್ಥಾಪಕಿ ಬಂದ ದಿನ ಗಿರಣಿಯ ಮಹಡಿ ತುಂಬ ಪಾರಿವಾಳದ ಹಿಕ್ಕೆ. ನಾಚಿಕೆಯಿಂದ ಸತ್ತೆ. ಆಕೆ ಮಾತ್ರ ಅದನ್ನೂ ನೋಡಲಿಲ್ಲ, ತೆರಿಗೆಯ ಮಾತನ್ನೂ ಎತ್ತಲಿಲ್ಲ. ಬಸ್ಸು ಎಷ್ಟು ಹೊತ್ತಿಗೊಂದು, ಕೆಲಸ ಬಲ್ಲವರು ಸಿಗುತ್ತಾರಾ ಎಂದಷ್ಟೇ ಕೇಳಿದರು. ನಾನು ಸೀದಾ ಸಂಜೆ ಕಾಲೇಜಿಗೆ ಕರೆದುಕೊಂಡು ಹೋದೆ. ಲೆಕ್ಕಶಾಸ್ತ್ರದ ತರಗತಿಯಲ್ಲಿ ಬೆಂಚು ಸಾಲದೆ ಹುಡುಗಿಯರು ಕಿಟಕಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದರು. ಆಕೆ ಅರ್ಧ ಗಂಟೆ ಬಾಗಿಲಲ್ಲೇ ನಿಂತುಬಿಟ್ಟರು. ಏಳು ವರ್ಷಕ್ಕೇ ಒಪ್ಪಿದರು ಅಕ್ಕ!

ನಿನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಗಿರಣಿ ಮುಚ್ಚಿ ಕೆಲಸ ಹೋದಾಗಿನಿಂದ ಅಪ್ಪ ಆ ಬೀದಿಗೆ ಕಾಲಿಟ್ಟವರಲ್ಲ. ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಹೋಗಿ ಗೇಟು ನೋಡಿಕೊಂಡು ಬಂದರು. ಎರಡು ಸಲ ಕಾಫಿ ಕೇಳಿ ಕುಡಿದರು.

ಭಾವನಿಗೆ ನನ್ನ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಇದು ಮರೆತ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಕೆಲಸ ಮಾಡುವ ಕಂಪನಿಯೇ ಅದು. ನಿಮ್ಮ ಕಚೇರಿಯನ್ನು ಮುಚ್ಚಿ ಇಲ್ಲಿಗೆ ತರುತ್ತಾರೆ. ಸೋಮವಾರ ನಿಮಗೆಲ್ಲ ತಿಳಿಸುತ್ತಾರಂತೆ. ನನಗೆ ಎರಡು ತಿಂಗಳಿಂದ ಗೊತ್ತಿತ್ತು. ಅಲ್ಲಿಂದ ಕರೆತರುವ ನಲವತ್ತು ಜನರ ಪಟ್ಟಿ ನಿನ್ನೆ ಬೆಳಿಗ್ಗೆ ನನ್ನ ಮೇಜಿಗೆ ಬಂತು. ಮೂರು ಸಲ ಓದಿದೆ. ನಿನ್ನ ಹೆಸರಿಲ್ಲ. ಆಮೇಲೂ ಕಡತವನ್ನು ಸಹಿಗೆ ಒಯ್ದವಳು ನಾನೇ.